ಹಿತ್ತಿಲ ಕೋಳಿಯೂ ಮನೆಯ ಲೆಕ್ಕವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಸಂತೆಯಲ್ಲಾಗಲಿ ಬಸ್ಸಿನಲ್ಲಾಗಲಿ ಎದುರಾದಾಗ, ಕುಶಲಪ್ರಶ್ನೆಗಳು ಮುಗಿದ ಮೇಲೆ ಮನೆವಾರ್ತೆಯನ್ನು ವಿಚಾರಿಸುವುದು ನಮಗೆ ವಾಡಿಕೆಯಾಗಿದೆ. ತೆಂಗಿನ ಮರಗಳು ಇಷ್ಟು, ಅಡಿಕೆಯ ಸಸಿಗಳು ಇಷ್ಟು, ಕರೆಯುವ ಹಸು ಒಂದು, ಗಬ್ಬದ್ದು ಇನ್ನೊಂದು ಎಂದು ಅವರು ಲೆಕ್ಕ ತಪ್ಪದೆ ಹೇಳುತ್ತಾರೆ. ಕೋಳಿಗಳಿಲ್ಲವೇ ಎಂದು ಕೇಳಿದರೆ ಮಾತ್ರ, “ಇವೆ ಟೀಚರ್, ಒಂದಷ್ಟು” ಎಂಬ ಉತ್ತರ ಬರುತ್ತದೆ. ಮತ್ತೊಂದು ವರುಷ ಬಿಟ್ಟು ಕೇಳಿದರೆ, “ಎಲ್ಲಾ ರೋಗ ಬಂದು ಹೋದವು ಟೀಚರ್” ಎನ್ನುತ್ತಾರೆ. ಎಷ್ಟು ಹೋದವು, ಯಾವ ತಿಂಗಳಲ್ಲಿ ಹೋದವು, ಏನಾಗಿ ಹೋದವು ಎಂಬುದಕ್ಕೆ ಉತ್ತರವಿಲ್ಲ. ಹಸುವೊಂದು ಒಂದು ಹೊತ್ತು ಹುಲ್ಲು ಮುಟ್ಟದಿದ್ದರೆ ಪಶುವೈದ್ಯರಿಗೆ ಕರೆ ಹೋಗುವ ಮನೆಯಲ್ಲಿ, ಹತ್ತು ಹೇಂಟೆಗಳು ವಾರದೊಳಗೆ ಸತ್ತರೂ ಗುದ್ದಲಿಯೊಂದರ ಹೊರತು ಬೇರೇನೂ ಹೊರಗೆ ಬರುವುದಿಲ್ಲ.

ಪರೀಕ್ಷೆಯ ಫಲಿತಾಂಶ, ಆಟೋಟಗಳ ವರದಿ, ಕಟ್ಟಡ ನಿಧಿಯ ಲೆಕ್ಕ ಇವೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇರಲಾಗಿ, ಮುಖ್ಯೋಪಾಧ್ಯಾಯಿನಿಯ ಪಾಲಿನ ಪುಟಗಳಲ್ಲಿ ಕೋಳಿಯ ಮಾತೇಕೆ ಎಂದು ಹೆತ್ತವರಲ್ಲಿ ಕೆಲವರು ಆಶ್ಚರ್ಯಪಡಬಹುದು. ನಮ್ಮ ಶಾಲೆಗೆ ಬರುವ ಎಷ್ಟೋ ಹುಡುಗಿಯರ ನೋಟುಬುಕ್ಕು, ಕೊಡೆ, ಪ್ರವಾಸದ ವಂತಿಗೆ ಇವು ತಾಯಂದಿರ ಮೊಟ್ಟೆಯ ಹಣದಿಂದ ಬಂದವೆಂಬುದನ್ನು ನಾವು ಇಷ್ಟು ವರುಷಗಳಲ್ಲಿ ಕಣ್ಣಾರೆ ಕಂಡಿದ್ದೇವೆ. ಅಡಿಕೆಯ ಹಣಕ್ಕೆ ಬೇಂಕಿನ ಪುಸ್ತಕವಿದೆ, ಹಾಲಿನ ಹಣಕ್ಕೆ ಡಿಪೋದ ಕಾರ್ಡು ಇದೆ. ಮೊಟ್ಟೆಯ ಹಣ ಸಾಸಿವೆ ಡಬ್ಬಿಯಲ್ಲಿ ಇರುತ್ತದೆ. ಅದನ್ನು ತೆಗೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮನೆಯಲ್ಲಿ ಹೆಂಗಸಿನದೇ ಎನ್ನಬಹುದಾದ ಆಸ್ತಿಗಳಲ್ಲಿ ಬಂಗಾರವಾದ ಮೇಲೆ ಕೋಳಿಯೇ ಬರುತ್ತದೆಂದು ಹೇಳಿದರೆ ತಪ್ಪಾಗಲಾರದು. ಹಾಗೂ ಅದು ಲೆಕ್ಕಕ್ಕೆ ಸೇರದಿರುವುದಕ್ಕೆ ಕಾರಣವೂ ಇದೇ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಕರಾವಳಿಯ ಅಂಕದ ಹುಂಜವನ್ನು ನೋಡಿರಿ. ಕೋಳಿ ಅಂಕವನ್ನು 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನು ನಿಷೇಧಿಸಿದೆ. ನಾವು ಅದನ್ನು ಮೆಚ್ಚುವವರೂ ಅಲ್ಲ. ಆದರೆ ಆ ಹುಂಜದ ಉಪಚಾರವನ್ನು ಬಲ್ಲೆವು. ಅದರ ಬಣ್ಣಕ್ಕೊಂದು ಹೆಸರು, ಕಾಲಿಗೊಂದು ಹಗ್ಗ, ಹೊತ್ತು ಹೊತ್ತಿಗೆ ಕೈಯಿಂದ ಉಣಿಸುವ ಕಾಳು, ಗೆಲ್ಲುವ ಗಳಿಗೆಯನ್ನು ನೋಡುವುದಕ್ಕೆ ಕುಕ್ಕುಟ ಪಂಚಾಂಗವೆಂಬ ಒಂದು ಪುಸ್ತಕ ಕೂಡ! ಅದೇ ಅಂಗಳದಲ್ಲಿ ವರುಷಕ್ಕೆ 60 ಮೊಟ್ಟೆಯಿಟ್ಟು ಎರಡು ಸಲ ಮರಿ ಮಾಡುವ ಹೇಂಟೆಗೆ ಹೆಸರಿಲ್ಲ, ನೀರಿನ ಪಾತ್ರೆಯಿಲ್ಲ, ನೆಂಟರು ಬಂದ ದಿನ ಅದರ ವಿಷಯದಲ್ಲಿ ಒಡತಿಯನ್ನು ಕೇಳುವ ಪದ್ಧತಿಯೂ ಇಲ್ಲ. ಕೋಳಿಯನ್ನು ಸಾಕುವುದು ಗಂಡಸರಿಗೆ ತಿಳಿಯದೆಂದು ಯಾರೂ ಹೇಳುವಂತಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. 2016ರಲ್ಲಿ ನಮ್ಮ ಶಾಲೆಯ ಅಡಿಗೆಮನೆಯ ಹಿಂದೆ ಒಂದು ಕೋಳಿಗೂಡನ್ನು ಕಟ್ಟಿಸಿ, ಎಂಟನೆಯ ಒಂಭತ್ತನೆಯ ತರಗತಿಯ ಹುಡುಗಿಯರಿಗೆ ಅದರ ಕೆಲಸವನ್ನು ಸರದಿಯಂತೆ ಹಂಚಿದ್ದೆವು. ಮೂರು ವರುಷ ಎಲ್ಲವೂ ಸುಸೂತ್ರವಾಗಿ ನಡೆಯಿತು. 2019ರ ಮಾರ್ಚಿಯಲ್ಲಿ ನಮ್ಮಲ್ಲಿ 17 ಕೋಳಿಗಳಿದ್ದವು. ಆಗ ಸಂತೆಯಲ್ಲಿ ಚೆಲುವಾದ ಎರಡು ಹೇಂಟೆಗಳು ಅಗ್ಗದಲ್ಲಿ ಸಿಕ್ಕಿದುವೆಂದು ತರಿಸಿ, ಅದೇ ಸಂಜೆ ಗೂಡಿನೊಳಗೆ ಬಿಡಿಸಿದೆವು. ಯಾಕೆ ಅಗ್ಗವೆಂದು ನಾವು ಕೇಳಲಿಲ್ಲ. ನಾಲ್ಕನೆಯ ದಿನ ಅವುಗಳಲ್ಲೊಂದು ರೆಕ್ಕೆ ಇಳಿಬಿಟ್ಟು ಮೂಲೆ ಸೇರಿತು. ಬಳಿಕ ಹಸುರು ಭೇದಿ, ಬಾಯಿ ತೆರೆದು ಉಸಿರೆಳೆಯುವುದು, ಕೊನೆಗೆ ಕೊರಳು ತಿರುಚಿಕೊಂಡು ಬೀಳುವುದು. ಹದಿನೈದು ದಿನಗಳಲ್ಲಿ 19ರಲ್ಲಿ 16 ಸತ್ತು 3 ಉಳಿದವು. ಗೂಡು ಗುಡಿಸುವ ಸರದಿಯಲ್ಲಿದ್ದ ಹುಡುಗಿಯೊಬ್ಬಳು, “ಇವುಗಳಿಗೆ ಲಸಿಕೆ ಇಲ್ಲವೇ ಟೀಚರ್?” ಎಂದು ಕೇಳಿದಳು. ಅದೇ ವರುಷ ಅದೇ ಹುಡುಗಿಗೆ ಸೂಕ್ಷ್ಮಜೀವಿಗಳ ಪಾಠವನ್ನೂ ಲಸಿಕೆಯ ಪಾಠವನ್ನೂ ಮಾಡಿದವರು ನಾವೇ ಆಗಿದ್ದೆವು.

ಲಸಿಕೆ ಇತ್ತು. ನಮ್ಮಲ್ಲಿ ಕೊಕ್ಕರೆ ರೋಗವೆಂದು ಕರೆಯುವ ಈ ವ್ಯಾಧಿ 1926ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಗುರುತಿಸಲ್ಪಟ್ಟು, ಅನತಿಕಾಲದಲ್ಲಿಯೇ ಕುಮಾವೂ ಬೆಟ್ಟಗಳ ರಾಣಿಖೇತದಲ್ಲಿಯೂ ಕಂಡುದರಿಂದ ನಮ್ಮ ದೇಶದಲ್ಲಿ ಅದಕ್ಕೆ ಆ ಊರಿನ ಹೆಸರೇ ನಿಂತಿತು. ಅದರ ಲಸಿಕೆಯೊಂದನ್ನು ಅದೇ ಬೆಟ್ಟಗಳ ಮುಕ್ತೇಶ್ವರದ ಸಂಶೋಧನಾಲಯದಲ್ಲಿ 1940ರ ಸುಮಾರಿಗೆ ಸಿದ್ಧಪಡಿಸಿದರು. ದೊಡ್ಡ ಫಾರ್ಮುಗಳ ಕೋಳಿಗಳಿಗೆ ಅದು ಯಾವತ್ತೂ ತಪ್ಪುವುದಿಲ್ಲ. ಎಂಭತ್ತು ವರುಷಗಳ ಮೇಲಾದರೂ ಅದು ನಮ್ಮ ಹಿತ್ತಿಲನ್ನು ಸರಿಯಾಗಿ ಮುಟ್ಟಿಲ್ಲವೆಂದರೆ, ಮನೆಯವರ ಉದಾಸೀನವೊಂದನ್ನೇ ದೂರಿ ಫಲವಿಲ್ಲ. ಕಾರಣ ಸೀಸೆಯಲ್ಲಿದೆ. ಈ ಲಸಿಕೆ ನೂರು, ಇನ್ನೂರು ಕೋಳಿಗಳಿಗೆ ಆಗುವಷ್ಟು ಒಂದೊಂದು ಸೀಸೆಯಲ್ಲಿ ಒಣಪುಡಿಯಾಗಿ ಬರುತ್ತದೆ. ಅದನ್ನು ಮಂಜುಗಡ್ಡೆಯ ಮೇಲೆಯೇ ತರಬೇಕು. ದ್ರವದಲ್ಲಿ ಕಲಸಿದ ಮೇಲೆ ಒಂದೆರಡು ತಾಸುಗಳೊಳಗೆ ಮುಗಿಸಬೇಕು. ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಐದು ಕೋಳಿಗಳ ಒಡತಿ ನೂರು ಕೋಳಿಗಳ ಸೀಸೆಯನ್ನು ಏನು ಮಾಡಿಯಾಳು? 17 ಕೋಳಿಗಳಿಗಾಗಿ ಅದನ್ನು ಒಡೆಯುವುದು ದಂಡವೆಂದು ನಾವೂ ಮೂರು ವರುಷ ಸುಮ್ಮನಿದ್ದೆವು.

ಆದುದರಿಂದ ಇಲ್ಲಿ ನಾವು ಒತ್ತಿ ಹೇಳಬೇಕೆಂದಿರುವ ಮಾತು ಇದು: ಕೋಳಿಯ ಲಸಿಕೆ ಒಂದು ಮನೆಯ ಕೆಲಸವಲ್ಲ, ಕೇರಿಯ ಕೆಲಸ. ಹತ್ತು ಹನ್ನೆರಡು ಮನೆಯವರು ಸೇರಿ ತಮ್ಮಲ್ಲಿರುವ ಕೋಳಿಗಳನ್ನು ಎಣಿಸಿ, ಒಟ್ಟು ನೂರು ಆಗುವುದೆಂದು ಪಶು ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿ, ಒಂದು ದಿನವನ್ನು ಗೊತ್ತುಮಾಡಿದರೆ ಸೀಸೆ ದಂಡವಾಗುವುದಿಲ್ಲ. ಆಗ ಒಂದು ಕೋಳಿಗೆ ತಗಲುವ ವೆಚ್ಚ ಒಂದು ಮೊಟ್ಟೆಯ ಬೆಲೆಗಿಂತ ಕಡಿಮೆ. ಸ್ವಸಹಾಯ ಸಂಘಗಳಲ್ಲಿ ವಾರವಾರ ಕೂಡುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ಅಸಾಧ್ಯವೇ? ಮರಿಗಳಿಗೆ 5ರಿಂದ 7ನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಹಾಕುವ ಒಂದು ಹನಿ ಬೇರೆಯದು. ಎಂಟು ವಾರಗಳಾದ ಮೇಲೆ ಚುಚ್ಚುವ ಮದ್ದು ಬೇರೆಯದು. ದೊಡ್ಡವುಗಳ ಮದ್ದನ್ನು ಎಳೆಯ ಮರಿಗಳಿಗೆ ಕೊಡಬಾರದು, ಆಗಲೇ ಸೊರಗಿದ ಕೋಳಿಗೂ ಕೊಡಬಾರದು. ಎಷ್ಟು ತಿಂಗಳಿಗೊಮ್ಮೆ ಮರಳಿ ಹಾಕಿಸಬೇಕೆಂಬುದನ್ನು ಪಶುವೈದ್ಯರೇ ಹೇಳುತ್ತಾರೆ. ರೋಗ ಬಂದ ಮೇಲೆ ಮನುಷ್ಯರ ಗುಳಿಗೆಯನ್ನು ಪುಡಿಮಾಡಿ ನೀರಿಗೆ ಹಾಕುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಅದು ಕೊಕ್ಕರೆ ರೋಗಕ್ಕೆ ಏನೂ ಮಾಡದು.

ಲಸಿಕೆಯಷ್ಟೇ ಮುಖ್ಯವಾದ ಇನ್ನೊಂದು ವಿಷಯವುಂಟು. ಇದನ್ನು ಹೇಳುವಾಗ ಕೆಲವರಿಗೆ ನೋವಾದರೆ ಕ್ಷಮಿಸಬೇಕು. ಗೂಡಿನಲ್ಲಿ ಎರಡು ಸತ್ತೊಡನೆ ಉಳಿದವುಗಳನ್ನು ಬುಟ್ಟಿಗೆ ಹಾಕಿ ಸಂತೆಗೆ ಕೊಂಡೊಯ್ಯುವುದು ನಮ್ಮ ಕಡೆ ಜಾಣತನವೆನಿಸಿಕೊಂಡಿದೆ. ಬಡವರ ಮನೆಯಲ್ಲಿ ಆ ಆತುರ ನಮಗೆ ಅರ್ಥವಾಗದ್ದಲ್ಲ. ಆದರೆ ಆ ಬುಟ್ಟಿಯಿಂದಲೇ ನಮ್ಮ ಶಾಲೆಯ ಗೂಡು ಬರಿದಾಯಿತು. ಮಾರಿದಾಕೆಯ ನೆರೆಹೊರೆಗೂ ಅದು ತಿರುಗಿ ಬಂದಿರಬಹುದು. ಹೊರಗಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಇಟ್ಟು, ಅದರ ನೀರು, ಪಾತ್ರೆಗಳನ್ನೂ ಬೇರೆ ಮಾಡಿ, ಮನೆಯ ಕೋಳಿಗಳ ಕೆಲಸ ಮುಗಿದ ಮೇಲೆಯೇ ಅದರ ಬಳಿಗೆ ಹೋಗಬೇಕು. ಸತ್ತದ್ದನ್ನು ತೋಡಿಗೆ ಎಸೆಯದೆ, ನಾಯಿ ಅಗೆಯದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು. ಅನೇಕ ಕೋಳಿಗಳು ಒಮ್ಮೆಲೇ ಸತ್ತರೆ ಹಕ್ಕಿಜ್ವರವೂ ಆಗಿರಬಹುದು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲಾಗಿ ಕಂಡ ಆ ರೋಗ 2012ರಲ್ಲಿ ನಮ್ಮ ರಾಜ್ಯದ ಹೆಸರಘಟ್ಟದಲ್ಲಿಯೂ ಕಾಣಿಸಿತು. ಆದುದರಿಂದ ಅಂಥ ಸಮಯದಲ್ಲಿ ಸತ್ತುದನ್ನು ಬರಿಗೈಯಿಂದ ಮುಟ್ಟದೆ, ಅಡಿಗೆಗೂ ತೆಗೆದುಕೊಳ್ಳದೆ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು. ಇದರಲ್ಲಿ ನಾಚಿಕೆ ಪಡತಕ್ಕದ್ದೇನೂ ಇಲ್ಲ.

ಇನ್ನು ದಿನದ ಆರೈಕೆಯ ಮಾತು. “ಕೋಳಿ ತಾನೇ ಮೇದುಕೊಳ್ಳುತ್ತದೆ” ಎಂಬ ನಂಬಿಕೆ ಅರ್ಧ ನಿಜ. ಅದು ಹುಳು, ಹುಲ್ಲು, ಕಾಳುಗಳನ್ನು ಹುಡುಕೀತು. ಏಪ್ರಿಲಿನ ಮಧ್ಯಾಹ್ನದಲ್ಲಿ ನೀರನ್ನು ಹುಡುಕಲಾರದು. ಬೆಳೆದ ಕೋಳಿಗೆ ದಿನಕ್ಕೆ ಕಾಲು ಲೀಟರಿನಷ್ಟು ನೀರು ಬೇಕು, ಸೆಕೆಗಾಲದಲ್ಲಿ ಇನ್ನೂ ಹೆಚ್ಚು. ಮೊಟ್ಟೆಯ ನಾಲ್ಕರಲ್ಲಿ ಮೂರು ಪಾಲು ನೀರೇ ಆಗಿರುವಾಗ, ಬಚ್ಚಲಿನ ಚರಂಡಿಯನ್ನು ನಂಬಿದ ಹೇಂಟೆ ಮೊಟ್ಟೆ ನಿಲ್ಲಿಸಿದರೆ ಆಶ್ಚರ್ಯವೇನು? ನೆರಳಿನಲ್ಲಿ ಎರಡು ಮಣ್ಣಿನ ಪಾತ್ರೆಗಳನ್ನಿಟ್ಟು ಬೆಳಿಗ್ಗೆ ಸಂಜೆ ತೊಳೆದು ತುಂಬಿದರೆ ಸಾಕು. ಇದಕ್ಕೆ ಹಿಡಿಯುವ ಹೊತ್ತು ಮೊಬೈಲು ನೋಡುವ ಹೊತ್ತಿಗಿಂತ ಬಹಳ ಕಡಿಮೆ (ಇದು ಹುಡುಗಿಯರಿಗೆ ಮಾತ್ರ ಹೇಳಿದ್ದಲ್ಲ).

ಗೂಡಿನ ವಿಷಯದಲ್ಲಿ ನಮ್ಮ ಶತ್ರುಗಳು ಇಬ್ಬರು: ರಾತ್ರಿಯ ಬೇಟೆಗಾರರು, ಮಳೆಗಾಲದ ತೇವ. ಕಾಡುಬೆಕ್ಕು, ಪುನುಗುಬೆಕ್ಕು, ಹೆಬ್ಬಾವು ಇವುಗಳಿಗೆ ಹಳೆಯ ಬುಟ್ಟಿಯೂ ತೂತು ಹಲಗೆಯೂ ಅಡ್ಡಿಯಲ್ಲ. ಗೂಡನ್ನು ನೆಲದಿಂದ ಎರಡಡಿ ಎತ್ತರದಲ್ಲಿ ಕಟ್ಟಿ, ಕಿಂಡಿಗಳಿಗೆ ಸಣ್ಣ ಕಣ್ಣಿನ ಕಬ್ಬಿಣದ ಬಲೆ ಬಡಿದು, ಕತ್ತಲಾಗುವುದಕ್ಕೆ ಮೊದಲೇ ಎಣಿಸಿ ಬಾಗಿಲು ಹಾಕುವುದು ಒಬ್ಬರ ನಿತ್ಯಕರ್ತವ್ಯವಾಗಿರಬೇಕು. ಎಲ್ಲರ ಕೆಲಸವೆಂದು ಬಿಟ್ಟ ಮನೆಯಲ್ಲಿ ಬಾಗಿಲು ತೆರೆದೇ ಇರುತ್ತದೆ. ಹೆಬ್ಬಾವು ಒಳಗೆ ಸಿಕ್ಕಿದರೆ ಕೊಲ್ಲಬೇಡಿರಿ. ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಭದ್ರತೆಗಾಗಿ ಗಾಳಿಯಾಡದಂತೆ ನಾಲ್ಕೂ ಕಡೆ ಮುಚ್ಚಿದ ಗೂಡನ್ನೂ ನೋಡಿದ್ದೇವೆ. ಅದರಲ್ಲಿ ಹಿಕ್ಕೆಯ ಘಾಟಿನಿಂದ ಕೋಳಿಗಳ ಕಣ್ಣು ಉರಿದು ನೀರಾಡುತ್ತದೆ. ಒಂದೊಂದಕ್ಕೆ ಒಂದೂವರೆ ಚದರಡಿಯಾದರೂ ಸ್ಥಳವಿಲ್ಲದಿದ್ದರೆ ಒಂದನ್ನೊಂದು ಕುಕ್ಕಿ ಗರಿ ಕೀಳತೊಡಗುತ್ತವೆ. ಜೂನಿನಿಂದ ಸೆಪ್ಟೆಂಬರಿನ ವರೆಗೆ ನಮ್ಮ ಕಡೆಯ ಮಳೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ನೆಲಕ್ಕೆ ಹಾಸಿದ ಭತ್ತದ ಹೊಟ್ಟೋ ಮರದ ಹುಡಿಯೋ ಒದ್ದೆಯಾಗಿ ಗಟ್ಟಿಯಾದರೆ, ಮೂರರಿಂದ ಆರು ವಾರದ ಮರಿಗಳಲ್ಲಿ ರಕ್ತಭೇದಿ ಏಳುತ್ತದೆ. ವಾರಕ್ಕೆ ಎರಡು ಸಲ ಅದನ್ನು ಕೆದಕಿ, ಒದ್ದೆ ಭಾಗವನ್ನು ತೆಗೆದು ತೆಂಗಿನ ಬುಡಕ್ಕೆ ಹಾಕಿರಿ. ಮರಿ ರಕ್ತ ಕಕ್ಕಸು ಮಾಡಿದರೆ ದೃಷ್ಟಿ ತೆಗೆಯುತ್ತ ಕೂಡದೆ ವೈದ್ಯರಿಂದ ಮದ್ದು ತಂದರೆ ಹೆಚ್ಚಿನವು ಉಳಿಯುತ್ತವೆ.

ಆಹಾರಕ್ಕೆ ಅಂಗಡಿಯ ಚೀಲವೇ ಬೇಕೆಂದಿಲ್ಲ. ದಿನಕ್ಕೆ ಬೇಕಾಗುವ 100 ಗ್ರಾಮಿನಷ್ಟು ಆಹಾರದಲ್ಲಿ ಅರ್ಧವನ್ನು ಒಳ್ಳೆಯ ಹಿತ್ತಿಲು ಕೊಡುತ್ತದೆ; ಮಿಕ್ಕುದಕ್ಕೆ ನುಚ್ಚಕ್ಕಿ, ತೌಡು, ತೆಂಗಿನ ಹಿಂಡಿ, ಮೀನಿನ ತಲೆಗಳು ನಮ್ಮ ಅಡಿಗೆಮನೆಯಲ್ಲಿಯೇ ಇವೆ. ಹಳೆಯ ಮಡಕೆಗೆ ಒಣಹುಲ್ಲು, ಸೆಗಣಿ ತುಂಬಿ, ಸ್ವಲ್ಪ ನೀರು ಚಿಮುಕಿಸಿ ಗೆದ್ದಲು ಇರುವಲ್ಲಿ ಕವುಚಿಟ್ಟು ಮರುದಿನ ಎತ್ತಿದರೆ ಮರಿಗಳಿಗೆ ಹಬ್ಬವಾಗುತ್ತದೆ. ನಮ್ಮ ಅಜ್ಜಿಯಂದಿರು ಇದನ್ನು ಬಲ್ಲವರಾಗಿದ್ದರು. ಚಿಪ್ಪಿಲ್ಲದ ಮೆತ್ತಗಿನ ಮೊಟ್ಟೆಯಿಟ್ಟರೆ ಕೋಳಿಗೆ ಮಾಟವಾಗಿದೆಯೆಂದು ಭಾವಿಸಬೇಡಿರಿ. ಸುಣ್ಣದಂಶ ಸಾಲದು, ಅಷ್ಟೇ. ಮರುವಾಯಿ ತಿಂದ ಮೇಲೆ ಎಸೆಯುವ ಚಿಪ್ಪುಗಳನ್ನು ಕಾಯಿಸಿ, ಒರಳಿನಲ್ಲಿ ನುಚ್ಚುಮಾಡಿ ಒಂದು ಗೆರಟೆಯಲ್ಲಿಟ್ಟರೆ ಬೇಕಾದಷ್ಟನ್ನು ಅವೇ ತಿನ್ನುತ್ತವೆ. ಒಂದು ಎಚ್ಚರಿಕೆ ಮಾತ್ರ ಮರೆಯಬಾರದು: ಬೂಸಲು ಹಿಡಿದ ನೆಲಗಡಲೆ ಹಿಂಡಿ, ಜೋಳ, ಅಕ್ಕಿ ಯಾವುದನ್ನೂ “ಕೋಳಿಗೆ ಆದೀತು” ಎಂದು ಸುರಿಯಬೇಡಿರಿ. ಆ ಬೂಸಲಿನಲ್ಲಿ ಯಕೃತ್ತನ್ನು ಕೆಡಿಸುವ ವಿಷವಿರುತ್ತದೆ. ಮನೆಯವರಿಗೆ ಆಗದ್ದು ಕೋಳಿಗೂ ಆಗದು.

ಹೇನು, ಉಣ್ಣಿಗಳ ಕಾಟಕ್ಕೆ ಕೋಳಿಗೆ ತಾನೇ ಗೊತ್ತಿರುವ ಮದ್ದು ಧೂಳಿನ ಸ್ನಾನ. ಮಳೆಗಾಲದಲ್ಲಿ ಒಣನೆಲ ಸಿಗದಿರುವುದರಿಂದ ಮಾಡಿನ ಕೆಳಗೆ ಬೂದಿಯನ್ನೂ ಹೊಯ್ಗೆಯನ್ನೂ ಬೆರಸಿದ ಒಂದು ಪೆಟ್ಟಿಗೆಯನ್ನು ಇಡಿರಿ. ರಾತ್ರಿ ರಕ್ತ ಹೀರುವ ಉಣ್ಣಿ ಹಗಲು ಕೋಳಿಯ ಮೈಮೇಲೆ ಇರುವುದಿಲ್ಲ. ಗೂಡಿನ ಸಂದುಗಳಲ್ಲಿ ಅಡಗಿರುತ್ತದೆ. ಕೋಳಿಯನ್ನೇ ತಡವಿ ನೋಡಿ ಏನೂ ಇಲ್ಲವೆನ್ನುವವರು ಒಂದು ರಾತ್ರಿ ಟಾರ್ಚು ಹಿಡಿದು ನೋಡಬೇಕು. ಸಂದುಗಳಿಗೆಲ್ಲ ಸುಣ್ಣ ಬಳಿಯುವುದು ಹಿಂದಿನ ಪದ್ಧತಿ, ಈಗಲೂ ಒಳ್ಳೆಯದೇ. ಹೊಟ್ಟೆಹುಳಕ್ಕೆ ಎರಡು ಮೂರು ತಿಂಗಳಿಗೊಮ್ಮೆ ಮದ್ದು ಹಾಕಬೇಕು. ಮೊಟ್ಟೆಯನ್ನು ಒಡೆದು ತಿನ್ನುವ ಚಟ ಬಿದ್ದರೆ, ಮೊಟ್ಟೆಯಿಡುವ ಬುಟ್ಟಿಯನ್ನು ಕತ್ತಲೆಯ ಮೂಲೆಗೆ ಸರಿಸಿ, ಹೊತ್ತಿಗೆ ಮುಂಚೆ ಮೊಟ್ಟೆಗಳನ್ನು ತೆಗೆದರೆ ಹೆಚ್ಚಾಗಿ ನಿಲ್ಲುತ್ತದೆ. ಗರಿ ಉದುರಿಸುವ ಕಾಲದಲ್ಲಿಯೂ ಕಾವಿಗೆ ಕೂತಾಗಲೂ ಮೊಟ್ಟೆ ನಿಲ್ಲುವುದು ಸಹಜ. ಆ ಕೆಲವು ವಾರಗಳಲ್ಲಿ “ಇದು ಮುದಿಯಾಯಿತು” ಎಂದು ಕತ್ತಿ ಎತ್ತುವವರು ಅನೇಕರು.

ಕಾವಿಗಿಡುವ ಮೊಟ್ಟೆಗಳು ವಾರಕ್ಕಿಂತ ಹಳೆಯವಾಗಿರಬಾರದು; ಹತ್ತು ಹನ್ನೆರಡಕ್ಕಿಂತ ಹೆಚ್ಚಿದ್ದರೆ ನಾಟಿ ಹೇಂಟೆಯ ರೆಕ್ಕೆ ಸಾಲದು. ಗುಡುಗಿಗೆ ಮೊಟ್ಟೆ ಕೆಡದಂತೆ ಬುಟ್ಟಿಯಲ್ಲಿ ಕಬ್ಬಿಣದ ತುಂಡೊಂದನ್ನು ಇಡುವ ಮನೆಗಳಿವೆ. ಇಡಲಿ, ನಮಗೇನೂ ತಕರಾರಿಲ್ಲ. ಏಳನೆಯ ರಾತ್ರಿ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು, ರಕ್ತನಾಳ ಕಾಣದವನ್ನು ತೆಗೆದುಬಿಡುವುದನ್ನೂ ಅದರ ಜೊತೆಗೆ ಮಾಡಲಿ. 21ನೆಯ ದಿನ ಮರಿಗಳು ಬರುತ್ತವೆ.

ನಾಟಿ ಕೋಳಿಯನ್ನು ಬಿಟ್ಟು ಗಿರಿರಾಜವನ್ನು ಸಾಕಬಹುದೇ ಎಂದು ಹೆತ್ತವರಲ್ಲಿ ಕೆಲವರು ನಮ್ಮನ್ನು ಕೇಳಿದ್ದುಂಟು. ಹೆಬ್ಬಾಳದ ಪಶುವೈದ್ಯಕೀಯ ವಿದ್ಯಾಲಯದವರು ಹಿತ್ತಿಲಿಗಾಗಿಯೇ ಸಿದ್ಧಪಡಿಸಿದ ಈ ತಳಿ ನಾಟಿಗಿಂತ ಎರಡು ಪಟ್ಟು ಮೊಟ್ಟೆಯಿಡುತ್ತದೆ, ಬೇಗ ತೂಗುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ. ಮೈಭಾರದಿಂದ ಹದ್ದಿಗೂ ನಾಯಿಗೂ ಸುಲಭವಾಗಿ ಸಿಗುತ್ತದೆ. ಅದರ ಹೊಟ್ಟೆಗೆ ಹಿತ್ತಿಲೊಂದೇ ಸಾಲದು. ಎರಡು ಮೂರು ನಾಟಿ ಹೇಂಟೆಗಳನ್ನು ಬಿಡದೆ ಇಟ್ಟುಕೊಂಡು ಅವುಗಳ ಜೊತೆಗೆ ಸಾಕುವುದಾದರೆ ನಾವು ಬೇಡವೆನ್ನೆವು. ನೀರನ್ನೇ ಇಡದ ಮನೆಗೆ ತಳಿ ಬದಲಾದರೆ ಫಲವೇನು?

ಲೆಕ್ಕದ ಮಾತಿಗೆ ಬರೋಣ. ಐದು ನಾಟಿ ಹೇಂಟೆಗಳು ವರುಷಕ್ಕೆ 60ರಂತೆ 300 ಮೊಟ್ಟೆಯಿಟ್ಟು, ಒಂದಕ್ಕೆ 10 ರೂಪಾಯಿಯಂತೆ ಹಿಡಿದರೂ 3,000 ರೂಪಾಯಿಯಾಗುತ್ತದೆ. ಅರ್ಧವನ್ನು ಮರಿಗಿಟ್ಟರೆ ಇನ್ನೂ ಹೆಚ್ಚು. ಇದರಿಂದ ಯಾರೂ ಮನೆ ಕಟ್ಟಲಾರರು. ಹುಡುಗಿಯೊಬ್ಬಳ ವರುಷದ ನೋಟುಬುಕ್ಕು, ಸಮವಸ್ತ್ರಗಳಿಗೆ ಅದು ಸಾಕು. ಅದು ಇಲ್ಲದ ವರುಷ ತಾಯಿ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ. 2019ರಲ್ಲಿ ನಮ್ಮ ಗೂಡು ಬರಿದಾದಾಗ ಶಾಲೆಗೆ ಆದ ನಷ್ಟವನ್ನು ನಾವು ತಡೆದುಕೊಂಡೆವು. ಅದೇ ತಿಂಗಳು ನೆರೆಯ ಮೂರು ಮನೆಗಳಲ್ಲಿ ಕೋಳಿಗಳು ಸತ್ತುವೆಂದು ಬಹಳ ದಿನಗಳ ಮೇಲೆ ತಿಳಿಯಿತು. ನಮ್ಮ ಗೂಡಿನಿಂದಲೇ ರೋಗ ಹೋಯಿತೋ ಏನೋ! ಆ ಮನೆಗಳಲ್ಲೊಂದರ ಹುಡುಗಿ ಆ ವರುಷದ ಶಾಲಾ ಪ್ರವಾಸಕ್ಕೆ ಹೆಸರು ಕೊಟ್ಟು, ಆಮೇಲೆ ತೆಗೆಸಿದ್ದಳು. ಕಾರಣ ಕೇಳಿದಾಗ ತಲೆನೋವೆಂದು ಹೇಳಿದ್ದಳು, ನಾವು ನಂಬಿದ್ದೆವು.

ಅಂದಿನಿಂದ ಗೂಡಿನ ಬಾಗಿಲ ಬಳಿ ಒಂದು ಪುಸ್ತಕವನ್ನು ತೂಗಹಾಕಿದ್ದೇವೆ. ಹುಟ್ಟಿದ್ದು, ಸತ್ತದ್ದು, ಮಾರಿದ್ದು, ಮೊಟ್ಟೆಯಿಟ್ಟದ್ದು, ಲಸಿಕೆ ಹಾಕಿಸಿದ್ದು ಎಲ್ಲವನ್ನೂ ಸರದಿಯ ಹುಡುಗಿ ಸಂಜೆ ಬರೆದೇ ಮನೆಗೆ ಹೋಗಬೇಕು. ಉಳಿದ ಮೂರರ ಸಂತತಿ ಈಗ 22 ಆಗಿದೆ. ಸೀಸೆಯಲ್ಲಿ ಮಿಕ್ಕ ಲಸಿಕೆ ನೆರೆಯ ಮನೆಗಳ ಕೋಳಿಗಳಿಗೆ ಹೋಗುತ್ತದೆ. ಕಳೆದ ಸಲ ಒಂಭತ್ತು ಮನೆಗಳವರು ಬಂದಿದ್ದರು.

ಮಳೆಗೆ ಮೊದಲು, ಶಾಲೆ ತೆರೆಯುವ ವಾರದ ಶನಿವಾರ ಬೆಳಿಗ್ಗೆ 6 ಗಂಟೆಗೆ, ಪಶುವೈದ್ಯರನ್ನು ಶಾಲೆಯ ಅಂಗಳಕ್ಕೆ ಕರೆಸಬೇಕೆಂದಿದ್ದೇವೆ. ಸುತ್ತಲಿರುವ ಹಳೆಯ ವಿದ್ಯಾರ್ಥಿನಿಯರೂ ಹೆತ್ತವರೂ ತಮ್ಮ ಕೋಳಿಗಳ ಸಂಖ್ಯೆಯನ್ನು ಒಂದು ವಾರ ಮುಂಚಿತವಾಗಿ ಶಾಲೆಗೆ ತಿಳಿಸಬೇಕೆಂದು ಕೋರುತ್ತೇವೆ. “ಒಂದಷ್ಟು” ಎಂದು ಬರೆದುಕೊಳ್ಳುವುದಕ್ಕೆ ನಮ್ಮ ಪುಸ್ತಕದಲ್ಲಿ ಸ್ಥಳವಿಲ್ಲ. ಸೊರಗಿದ ಕೋಳಿಯನ್ನು ತರಬೇಡಿರಿ. ಮನೆಮನೆಯ ಕೋಳಿಗಳು ಒಂದರೊಡನೊಂದು ಬೆರೆಯದಂತೆ ಬುಟ್ಟಿಗಳನ್ನು ದೂರ ದೂರ ಇಡಿಸುತ್ತೇವೆ. ಹಿಂದಿನ ರಾತ್ರಿ ಗೂಡಿನಲ್ಲಿರುವಾಗಲೇ ಹಿಡಿದು ಬುಟ್ಟಿಗೆ ಹಾಕಿಕೊಳ್ಳಿರಿ. ಬೆಳಿಗ್ಗೆ ಒಮ್ಮೆ ಹೊರಗೆ ಬಿಟ್ಟ ಕೋಳಿಯನ್ನು ಆರು ಗಂಟೆಯೊಳಗೆ ಹಿಡಿದು ತರುವುದು ನಿಮ್ಮಿಂದಲೂ ಆಗದು, ನಮ್ಮಿಂದಲೂ ಆಗದು.